ರೀಸ್ಟಾರ್ಟ್ ಮಾಡಿದ ಮೇಲೆ ಕಪ್ಪು ಪರದೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ, ಬೆಂಗಳೂರಿನ ಹನುಮಂತನಗರದಿಂದ:

ಮನೆಯಲ್ಲಿಯೇ ಲಗ್ನಪತ್ರಿಕೆ ಮತ್ತು ಕರಪತ್ರಗಳ ಡಿಟಿಪಿ ಕೆಲಸ ಮಾಡುತ್ತೇನೆ. ವಿಂಡೋಸ್ 11 ಇರುವ ಡೆಸ್ಕ್‌ಟಾಪ್ ನಿನ್ನೆ ಸಂಜೆ ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಕೇಳಿತು. ಅಂದಿನಿಂದ ಫ್ಯಾನ್ ತಿರುಗುತ್ತದೆ, ತಯಾರಕರ ಚಿಹ್ನೆ ಮೂಡಿ ಮಾಯವಾಗುತ್ತದೆ, ಅನಂತರ ಪರದೆ ಪೂರ್ತಿ ಕಪ್ಪಾಗಿ ಉಳಿಯುತ್ತದೆ. ಹತ್ತಿರದ ಅಂಗಡಿಯವರು ಫಾರ್ಮ್ಯಾಟ್ ಮಾಡದೆ ದಾರಿಯಿಲ್ಲ ಎನ್ನುತ್ತಿದ್ದಾರೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿಟ್ಟ ಎಷ್ಟೋ ವರ್ಷಗಳ ಕಡತಗಳು ಒಳಗಿವೆ. ಏನು ಮಾಡಲಿ?

ಉತ್ತರ, ವಿಜಯನಗರದಿಂದ:

ಫಾರ್ಮ್ಯಾಟಿಗೆ ಈಗಲೇ ಒಪ್ಪಬೇಡಿ. ಶಾಲೆಯೊಂದರ ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುವವನಾಗಿ ಇಂಥ ಯಂತ್ರಗಳನ್ನು ಬಹಳ ಕಂಡಿದ್ದೇನೆ. ಪರದೆ ಕಪ್ಪಾಗಿರುವುದಕ್ಕೂ ಕಡತಗಳು ಅಳಿದಿರುವುದಕ್ಕೂ ಸಂಬಂಧವಿರುವುದು ತೀರಾ ಅಪರೂಪ.

ನೀವು ಬರೆದಿರುವುದರಲ್ಲಿ ಮುಖ್ಯವಾದ ಮಾತೆಂದರೆ ತಯಾರಕರ ಚಿಹ್ನೆ ಕಾಣಿಸುತ್ತದೆ ಎಂಬುದು. ಚಿಹ್ನೆ ಮೂಡಬೇಕಾದರೆ ಮಾನಿಟರ್, ಕೇಬಲ್, ರ‍್ಯಾಮ್, ಪವರ್ ಸಪ್ಲೈ ಇವೆಲ್ಲ ಅಷ್ಟರಮಟ್ಟಿಗೆ ಕೆಲಸ ಮಾಡುತ್ತಿರಲೇಬೇಕು. ಚಿಹ್ನೆಯ ನಂತರ ಕತ್ತಲಾಗುತ್ತಿದೆ ಎಂದರೆ, ವಿಂಡೋಸ್ ಏಳುತ್ತಾ ಪರದೆಯ ಹೊಣೆಯನ್ನು ಗ್ರಾಫಿಕ್ಸ್ ಡ್ರೈವರಿಗೆ (ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ) ಒಪ್ಪಿಸುವ ಹಂತದಲ್ಲಿ ಎಡವುತ್ತಿದೆ ಎಂದು ಊಹಿಸುವುದು ನ್ಯಾಯ. ನಿತ್ಯ ಆಫ್ ಮಾಡಿ ಆನ್ ಮಾಡುವಾಗ ಬಾರದ ತೊಂದರೆ ರೀಸ್ಟಾರ್ಟಿನಲ್ಲಿಯೇ ಏಕೆ ಬಂತು ಎಂದು ಅನೇಕರು ಕೇಳುತ್ತಾರೆ. ವಿಂಡೋಸ್ 8ರಿಂದೀಚೆಗೆ ಬಂದ ಫಾಸ್ಟ್ ಸ್ಟಾರ್ಟಪ್ ವ್ಯವಸ್ಥೆಯಲ್ಲಿ ಶಟ್‌ಡೌನ್ ಕೊಟ್ಟರೆ ವಿಂಡೋಸಿನ ತಿರುಳಾದ ಕರ್ನಲ್ಲಿನ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗಿ ಹೊಸ ಡ್ರೈವರುಗಳು ನಿಜವಾಗಿ ಜಾರಿಗೆ ಬರುತ್ತವೆ.

ಮೊದಲು ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಯಂತ್ರಕ್ಕೆ ಜೀವವಿದೆ, ಕಾಣುತ್ತಿಲ್ಲ ಅಷ್ಟೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಸಣ್ಣ ಬೀಪ್ ಕೇಳಿ ಪರದೆ ಮಿನುಗಿದರೆ ಅದು ಒಳ್ಳೆಯ ಸೂಚನೆ. ಮೌಸಿನ ಬಾಣ ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಟಾಸ್ಕ್ ಆಗಿ ಎಕ್ಸ್‌ಪ್ಲೋರರ್ ನಡೆಸಿ. ಡೆಸ್ಕ್‌ಟಾಪ್ ಅದರಿಂದಲೇ ಮರಳಿ ಬರುವುದುಂಟು.

ಇದಾವುದೂ ಫಲಿಸದಿದ್ದರೆ ರಿಕವರಿ ಪರದೆಗೆ ಹೋಗಬೇಕು. ಚಿಹ್ನೆ ಮೂಡಿ ವಿಂಡೋಸ್ ಶುರುವಾಗುವ ಹೊತ್ತಿಗೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ, ತಾನು ಸರಿಯಾಗಿ ಏಳುತ್ತಿಲ್ಲವೆಂದು ವಿಂಡೋಸ್ ತಿಳಿದು ರಿಪೇರಿಯ ಆಯ್ಕೆಗಳನ್ನು ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಹೋಗಿ, ಯಂತ್ರ ಮತ್ತೆ ಎದ್ದಾಗ 4 ಒತ್ತಿದರೆ ಸೇಫ್ ಮೋಡ್ ಸಿಗುತ್ತದೆ. ಮಧ್ಯದಲ್ಲಿ, ಡಿಸ್ಕಿಗೆ ಬೀಗ ಹಾಕಿಡುವ ವ್ಯವಸ್ಥೆಯಾದ ಬಿಟ್‌ಲಾಕರ್ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಗಾಬರಿಯಾಗದೆ, ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಹುಡುಕಿ. ಸಾಮಾನ್ಯವಾಗಿ ಅದು ಅಲ್ಲಿ ಉಳಿದಿರುತ್ತದೆ.

ಸೇಫ್ ಮೋಡಿನಲ್ಲಿ ವಿಂಡೋಸ್ ತನ್ನದೇ ಸರಳ ಡಿಸ್ಪ್ಲೇ ಡ್ರೈವರನ್ನು ಬಳಸುತ್ತದೆ. ಆದ್ದರಿಂದ ಅಲ್ಲಿ ಚಿತ್ರ ಚೆನ್ನಾಗಿ ಬಂದರೆ ತಪ್ಪು ಬಹುಪಾಲು ಗ್ರಾಫಿಕ್ಸ್ ಡ್ರೈವರಿನದೇ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಪ್ಲೇ ಅಡಾಪ್ಟರ್ ತೆರೆದು ಹಳೆಯ ಡ್ರೈವರಿಗೆ ಹಿಂದಿರುಗಿಸಿ. ಆ ಗುಂಡಿ ಮಸುಕಾಗಿದ್ದರೆ ಡ್ರೈವರನ್ನೇ ತೆಗೆದುಹಾಕಿ ರೀಸ್ಟಾರ್ಟ್ ಕೊಡಿ. ಅದಕ್ಕೂ ಬಗ್ಗದಿದ್ದರೆ ಅದೇ ರಿಕವರಿ ಪರದೆಯಲ್ಲಿರುವ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಮೂಲಕ ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ಕಡತಗಳನ್ನು ಉಳಿಸಿಕೊಂಡು ರೀಸೆಟ್ ಮಾಡುವ ಆಯ್ಕೆಯೂ ಇದೆ, ಆದರೆ ಅದು ಕಟ್ಟಕಡೆಯದಾಗಿರಲಿ, ಏಕೆಂದರೆ ಹಾಕಿಕೊಂಡ ತಂತ್ರಾಂಶಗಳೆಲ್ಲ ಅದರಲ್ಲಿ ಹೋಗುತ್ತವೆ. ನುಡಿಯನ್ನು ಮರಳಿ ಹಾಕುವವರೆಗೆ ಹಳೆಯ ಆಸ್ಕಿ ಫಾಂಟಿನ ಕಡತಗಳು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ; ಅವು ಕೆಟ್ಟಿವೆ ಎಂದು ತಿಳಿದು ಅಳಿಸಿಬಿಡಬೇಡಿ.

ಉತ್ತರ, ಮಲ್ಲೇಶ್ವರದಿಂದ:

ಮೇಲಿನವರು ಹೇಳಿರುವುದು ಚಿಹ್ನೆ ಕಾಣುವವರಿಗೆ. ಚಿಹ್ನೆಯೂ ಬಾರದ, ಮಾನಿಟರ್ ಸಿಗ್ನಲ್ ಇಲ್ಲ ಎನ್ನುವ ಯಂತ್ರ ನಮ್ಮ ಮನೆಯಲ್ಲಿತ್ತು, ಅದರ ದಾರಿಯೇ ಬೇರೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಿದೆಯೇ, ಮದರ್‌ಬೋರ್ಡಿನ ಕಿಂಡಿಗೆ ಸೇರಿಕೊಂಡಿದೆಯೇ ಎಂದು ಮೊದಲು ನೋಡಬೇಕು. ನಮಗೆ ಕೊನೆಗೆ ಗುಣ ಕೊಟ್ಟದ್ದು ರ‍್ಯಾಮ್: ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಕೈಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಮುಟ್ಟಿಸಿ, ಪಟ್ಟಿಗಳನ್ನು ತೆಗೆದು ದೂಳು ಒರೆಸಿ, ಕ್ಲಿಕ್ ಎನ್ನುವವರೆಗೆ ಮತ್ತೆ ಕೂರಿಸಿದೆವು. ಸುತ್ತ ಕಟ್ಟಡಗಳು ಏಳುತ್ತಲೇ ಇರುವ ಈ ಊರಿನಲ್ಲಿ ಕ್ಯಾಬಿನೆಟ್ಟಿನೊಳಗೆ ಸೇರುವ ದೂಳು ಸಾಮಾನ್ಯದ್ದಲ್ಲ. ಯಂತ್ರ ಹಳೆಯದಾಗಿ ತಾರೀಖು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ನಾಣ್ಯಬ್ಯಾಟರಿಯನ್ನೂ ಬದಲಾಯಿಸಿ.

ಉತ್ತರ, ಯಲಹಂಕದಿಂದ:

ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಕೊಟ್ಟು ನೋಡಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುವುದರಿಂದಲೇ ನನ್ನದು ಎದ್ದಿತು.

ಉತ್ತರ, ನಾಗರಬಾವಿಯಿಂದ:

ರೀಸೆಟ್ ಅಥವಾ ಫಾರ್ಮ್ಯಾಟ್ ಎಂಬ ಮಾತು ಬಂದ ಕೂಡಲೇ ಉಳಿದೆಲ್ಲವನ್ನೂ ನಿಲ್ಲಿಸಿ ಕಡತಗಳನ್ನು ಹೊರತೆಗೆಯಿರಿ. ಸ್ನೇಹಿತರ ಕಂಪ್ಯೂಟರಿನಲ್ಲಿ ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆಯ ಪೆನ್‌ಡ್ರೈವ್ ತಯಾರಿಸಿ, ನಿಮ್ಮ ಯಂತ್ರವನ್ನು ಅದರಿಂದ ಏಳಿಸಿ, ಇನ್‌ಸ್ಟಾಲ್ ಮಾಡದೆ ಕೇವಲ ಪ್ರಯತ್ನಿಸಿ ನೋಡುವ ಆಯ್ಕೆ ಕೊಟ್ಟರೆ ವಿಂಡೋಸಿನ ಡಿಸ್ಕ್ ಅಲ್ಲಿ ತೆರೆದುಕೊಳ್ಳುತ್ತದೆ. ಬಿಟ್‌ಲಾಕರ್ ಇದ್ದರೆ ಅದೇ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡು, ಕೆಲವು ಕಡತಗಳನ್ನಾದರೂ ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಿ.

ಇದು ಕಷ್ಟವೆನಿಸಿದರೆ ಡಿಸ್ಕನ್ನೇ ಬಿಚ್ಚಿಸಿ. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ನಿಮ್ಮ ಡಿಸ್ಕ್ ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ಎಂದು ತಿಳಿದುಕೊಂಡೇ ಹೋಗಿ, ಎರಡಕ್ಕೂ ಅಡಾಪ್ಟರ್ ಬೇರೆ. ರಿಪೇರಿಗೆ ಕೊಡಲೇಬೇಕಾದರೆ ಡಿಸ್ಕನ್ನು ಮನೆಯಲ್ಲಿಟ್ಟುಕೊಂಡು ಉಳಿದ ಯಂತ್ರವನ್ನು ಕೊಡಬಹುದು. ಡಿಸ್ಕಿನ ಸಮೇತ ಕೊಡುವುದಾದರೆ, ನನ್ನನ್ನು ಕೇಳದೆ ಏನನ್ನೂ ಅಳಿಸಬಾರದು ಎಂದು ಅವರ ರಸೀದಿಯ ಮೇಲೆಯೇ ಬರೆಸಿಕೊಳ್ಳಿ.