ಪೆರಿ ಮೇಸನ್ ಸೀಸನ್ 9: ಬಣ್ಣದ ಎಪಿಸೋಡ್ ಕಪ್ಪು-ಬಿಳುಪಲ್ಲೇ ಬರುತ್ತಿದೆ, ಸಹಾಯ ಮಾಡಿ

ಸಾಧನಕೇರಿ_ಹುಡುಗ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ವಕೀಲ ಪೆರಿ ಮೇಸನ್ ಕೇಸುಗಳ ಹಳೇ ಅಮೆರಿಕನ್ ಸೀರಿಯಲ್‌ನಲ್ಲಿ ಒಟ್ಟು 271 ಎಪಿಸೋಡ್. ಬಣ್ಣದಲ್ಲಿ ತೆಗೆದದ್ದು ಒಂದೇ ಒಂದು: ‘ದ ಕೇಸ್ ಆಫ್ ದ ಟ್ವೈಸ್-ಟೋಲ್ಡ್ ಟ್ವಿಸ್ಟ್’, 1966ರ ಫೆಬ್ರವರಿ 27ರಂದು ಪ್ರಸಾರವಾದದ್ದು. ಅದು ನನಗೆ ಕಪ್ಪು-ಬಿಳುಪಲ್ಲೇ ಬರುತ್ತಿದೆ. ವೈರ್ ಬದಲಾಯಿಸಿದೆ, ಟಿವಿ ಸೆಟ್ಟಿಂಗ್ ಪೂರ್ತಿ ರೀಸೆಟ್ ಮಾಡಿದೆ. ಏನೂ ಆಗಲಿಲ್ಲ. ಅಪ್ಪ ಭಾನುವಾರ ಬೆಂಗಳೂರಿಗೆ ಬರುತ್ತಾರೆ. ಧಾರವಾಡ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೇಸನ್ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ರಾತ್ರಿಯೆಲ್ಲ ಓದುತ್ತಿದ್ದರು. ಬಣ್ಣದ್ದು ಒಂದಿದೆ ಅಂತ ಅವರಿಗೆ ಆಸೆ ಹುಟ್ಟಿಸಿಬಿಟ್ಟಿದ್ದೇನೆ. ದಯವಿಟ್ಟು ಬೇಗ ಹೇಳಿ.

ಹಳೇಟ್ಯೂಬ್:
ಇದು ಕಣ್ಣು ಮುಚ್ಚಿಕೊಂಡು ಹೇಳಬಹುದಾದ ಸಮಸ್ಯೆ. ಅಮೆರಿಕದ ಡಿಸ್ಕ್ ಎನ್‌ಟಿಎಸ್‌ಸಿ ಅನ್ನುವ ಟಿವಿ ಪದ್ಧತಿಯದು. ನಮ್ಮ ಪದ್ಧತಿ ಪಾಲ್. ಅವರ ಬಣ್ಣದ ಸಿಗ್ನಲ್ 3.58 ಮೆಗಾಹರ್ಟ್ಜ್‌ನಲ್ಲಿ ಕೂತಿರುತ್ತದೆ, ನಮ್ಮದು 4.43ರಲ್ಲಿ. ಪಾಲ್ ಮಾತ್ರ ಗೊತ್ತಿರುವ ಟಿವಿಗೆ ಹಳದಿ ವೈರಿನಲ್ಲಿ ಎನ್‌ಟಿಎಸ್‌ಸಿ ಕೊಟ್ಟರೆ ಬಣ್ಣ ಸಿಗುವುದಿಲ್ಲ, ಟಿವಿ ಅದನ್ನು ಬಿಟ್ಟು ಬರೀ ಬೆಳಕು-ನೆರಳು ತೋರಿಸುತ್ತದೆ. ಪ್ಲೇಯರ್ ಸೆಟಪ್‌ಗೆ ಹೋಗಿ ಟಿವಿ ಟೈಪ್ ಅನ್ನು ಪಾಲ್ ಮಾಡಿ. ಮುಗಿಯಿತು.

ಕೊಪ್ಪದ_ಆಂಟೆನಾ:
ಇನ್ನೊಂದು ಸಾಧ್ಯತೆಯೂ ಇದೆ. ಕೆಲವು ಟಿವಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ತೂತು ಇರುತ್ತದೆ. ಹಳದಿ ಪಿನ್ ಹಾಕಿ ಇನ್‌ಪುಟ್ ಅನ್ನು ಕಾಂಪೊನೆಂಟ್‌ನಲ್ಲಿ (ಚಿತ್ರ ಮೂರು ತಂತಿಯಲ್ಲಿ ಬರುವ ಪದ್ಧತಿ) ಬಿಟ್ಟರೆ ಬಣ್ಣ ಬರುವುದಿಲ್ಲ. ಅದನ್ನೂ ನೋಡಿ.

ಸಾಧನಕೇರಿ_ಹುಡುಗ:
ಹಳದಿ ವೈರ್ ಇಲ್ಲ ಸರ್. ಎಚ್‌ಡಿಎಂಐ.

ಹಳೇಟ್ಯೂಬ್:
ಎಚ್‌ಡಿಎಂಐ ಆದರೂ ಪ್ಲೇಯರ್ ಒಳಗೆ ತಪ್ಪಾಗಿ ಕನ್ವರ್ಟ್ ಆಗುತ್ತಿರಬಹುದು. ಎಲ್ಲ ದೇಶದ ಡಿಸ್ಕ್ ಓಡಿಸುವ ಅಗ್ಗದ ಮಲ್ಟಿ ರೀಜನ್ ಪ್ಲೇಯರ್‌ಗಳಲ್ಲಿ ನಾನು ನೋಡಿದ್ದೇನೆ. ಅಮೆರಿಕದ ಡಿಸ್ಕ್ ರೀಜನ್ 1, ನಮ್ಮದು 5. ಬೀಗ ಒಡೆದ ಪ್ಲೇಯರ್ ಆಗಿದ್ದರೆ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು. ಮೊದಲು ಟಿವಿ ಟೈಪ್ ಬದಲಾಯಿಸಿ ನೋಡಿ, ಆಮೇಲೆ ಮಾತಾಡೋಣ.

ತಂತಿ_ಲೆಕ್ಕ:
ಹಾಗೆ ಆಗಲು ಸಾಧ್ಯವೇ ಇಲ್ಲ. 3.58, 4.43 ಎಲ್ಲ ಬಣ್ಣವನ್ನೂ ಬೆಳಕನ್ನೂ ಒಂದೇ ತಂತಿಯಲ್ಲಿ ಸೇರಿಸಿ ಕಳಿಸುವಾಗ ಬರುವ ತಾಪತ್ರಯ. ಡಿವಿಡಿಯಲ್ಲಿ ಬಣ್ಣ ಬೇರೆಯಾಗಿಯೇ ಅಂಕಿಗಳಲ್ಲಿ ಇರುತ್ತದೆ, ಎಚ್‌ಡಿಎಂಐ ಅದನ್ನು ಅಂಕಿಗಳಾಗಿಯೇ ಒಯ್ಯುತ್ತದೆ. ಸಾಧನಕೇರಿಯವರೇ, ಮೂರು ವಿಷಯ ಬೇಕು. ಯಾವ ಪ್ಲೇಯರ್? ಡಿಸ್ಕೋ, ಫೈಲೋ? ಅದೇ ಇನ್‌ಪುಟ್‌ನಲ್ಲಿ ಬೇರೆ ಏನಾದರೂ ಬಣ್ಣದಲ್ಲಿ ಬರುತ್ತದೆಯಾ?

ಪುತ್ತೂರು_ಪರದೆ:
ಈ ಸೀರಿಯಲ್ ನೋಡುವವರು ಇಲ್ಲಿ ಇದ್ದಾರೆ ಅಂತ ತಿಳಿದು ತುಂಬಾ ಖುಷಿ ಆಯ್ತು. ನಾನು ಅಟ್ಟದ ಮೇಲೆ ಪ್ರೊಜೆಕ್ಟರ್ ಹಾಕಿ 110 ಇಂಚಿನ ಪರದೆಯಲ್ಲಿ ನೋಡುತ್ತೇನೆ. ಏಳು ಸ್ಪೀಕರ್, ಎರಡು ಸಬ್‌ವೂಫರ್. ಫ್ರೆಡ್ ಸ್ಟೈನರ್ ಅವರ ಆ ಟೈಟಲ್ ಸಂಗೀತ ಶುರುವಾದರೆ ಹೆಂಚು ನಡುಗುತ್ತದೆ. ಪರದೆ ಪೂರ್ತಿ ತುಂಬುವ ಹಾಗೆ ಅಗಲ ಮಾಡಿಕೊಂಡಿದ್ದೇನೆ.

ಕೊಪ್ಪದ_ಆಂಟೆನಾ:
ಅಗಲ ಮಾಡಿದರೆ ಮೇಸನ್ ಪಾತ್ರದ ರೇಮಂಡ್ ಬರ್ ಮುಖ ಕುಂಬಳಕಾಯಿ ಹಾಗೆ ಕಾಣುತ್ತದೆ ಸ್ವಾಮಿ. ಅದನ್ನು 4:3 ಅಳತೆಯಲ್ಲಿ ತೆಗೆದಿದ್ದಾರೆ, ಹಾಗೇ ನೋಡಬೇಕು. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ. ಸಾಕ್ಷಿಕಟ್ಟೆಯ ಹತ್ತಿರದ ಶಾಟ್‌ಗಳನ್ನು ಆ ಚೌಕಕ್ಕೆ ಸರಿಯಾಗಿ ಕೂರಿಸಿದ್ದಾರೆ. ಸೌಂಡ್ ಇರುವುದು ಮೋನೋ, ಏಳು ಸ್ಪೀಕರ್ ಏನು ಮಾಡುತ್ತವೆ?

ಪುತ್ತೂರು_ಪರದೆ:
ನನ್ನ ಅಟ್ಟ, ನನ್ನ ಪರದೆ. ಅಗಲವಾಗಿ ನೋಡಿದರೂ ಮೇಸನ್ ಒಂದು ಕೇಸೂ ಸೋಲುವುದಿಲ್ಲ ಬಿಡಿ.

ಕೋರ್ಟು_ಕಟ್ಟೆ:
ಸೋತಿದ್ದಾರೆ. 1958ರ ‘ಟೆರಿಫೈಡ್ ಟೈಪಿಸ್ಟ್’ನಲ್ಲಿ ಜ್ಯೂರಿ ಅಪರಾಧಿ ಅಂತಲೇ ತೀರ್ಪು ಕೊಡುತ್ತದೆ. 1963ರ ‘ಡೆಡ್ಲಿ ವರ್ಡಿಕ್ಟ್’ ಶುರುವಾಗುವುದೇ ಕಕ್ಷಿದಾರಳಿಗೆ ಮರಣದಂಡನೆಯಾಗುವುದರಿಂದ. ಎರಡರಲ್ಲೂ ಆಮೇಲೆ ಏನಾಗುತ್ತದೆ ಅಂತ ಹೇಳುವುದಿಲ್ಲ, ನೋಡದವರು ನೋಡಲಿ. ನನ್ನ ಲೆಕ್ಕದಲ್ಲಿ ‘ಡೆಡ್ಲಿ ವರ್ಡಿಕ್ಟ್’ ಇಡೀ ಸರಣಿಯಲ್ಲೇ ಗಟ್ಟಿ ಕೆಲಸ.

ಸಾಧನಕೇರಿ_ಹುಡುಗ:
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. @ತಂತಿ_ಲೆಕ್ಕ ಮೇಡಂ, ಮೆನುವಿನಲ್ಲಿ ಪೋಸ್ಟರ್‌ಗಳೆಲ್ಲ ಬಣ್ಣದಲ್ಲೇ ಕಾಣುತ್ತವೆ. ಬೇರೆ ಸಿನಿಮಾಗಳೂ ಚೆನ್ನಾಗಿ ಬರುತ್ತವೆ. ಪ್ಲೇಯರ್ ಅಂದರೆ ಟಿವಿಗೆ ಸಿಕ್ಕಿಸುವ ಚಿಕ್ಕ ಬಾಕ್ಸ್, ಅದರಲ್ಲಿ ಕೋಡಿ ಅನ್ನುವ ವಿಡಿಯೋ ಆ್ಯಪ್ ಇದೆ. ಡಿಸ್ಕ್ ಇಲ್ಲ. ಭಾವ ನ್ಯೂಜೆರ್ಸಿಯಿಂದ ಬರುವಾಗ ಒಂಬತ್ತೂ ಸೀಸನ್ ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡು ಬಂದಿದ್ದರು. ಅವರ ಹತ್ತಿರ ಎಲ್ಲ ಡಿವಿಡಿ ಇವೆ.

ತಂತಿ_ಲೆಕ್ಕ:
ಇದೇ ಬೇಕಾಗಿದ್ದ ವಿಷಯ! ಪೋಸ್ಟರ್ ಬಣ್ಣದಲ್ಲಿದೆ ಅಂದರೆ ಟಿವಿ, ವೈರ್, ಬಾಕ್ಸ್ ಮೂರೂ ಸರಿ ಇವೆ. ತೊಂದರೆ ಇರುವುದು ಫೈಲಿನಲ್ಲಿ.

ಹಳೇಟ್ಯೂಬ್:
ಕೋಡಿಯಲ್ಲೂ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಇದೆ. ಸೆಕೆಂಡಿಗೆ 29.97 ಫ್ರೇಮಿನ ಫೈಲ್ ಬಂದಾಗ ಟಿವಿ ಬೇರೆ ಮೋಡ್‌ಗೆ ಹೋಗಿ ಬಣ್ಣ ಬಿಡುತ್ತಿರಬಹುದು. ಅದನ್ನು ಆಫ್ ಮಾಡಿ ನೋಡಿ.

ತಂತಿ_ಲೆಕ್ಕ:
ಮೋಡ್ ಬದಲಾದರೆ ಚಿತ್ರ ತಡವರಿಸಬಹುದು, ಪರದೆ ಒಂದು ಕ್ಷಣ ಕಪ್ಪಾಗಬಹುದು. ಬಣ್ಣ ಮಾತ್ರ ಹೋಗುವುದಿಲ್ಲ. ಆ ದಾರಿ ಬಿಡೋಣ.

ಕೋರ್ಟು_ಕಟ್ಟೆ:
ಅದು ಅದೇ ಎಪಿಸೋಡ್ ಹೌದಾ? ಫೈಲಿನ ಹೆಸರು ಅದಲುಬದಲಾಗಿದ್ದರೆ? ನಟ ವಿಕ್ಟರ್ ಬ್ಯೂನೋ ಇದ್ದಾರಾ ನೋಡಿ. ದಪ್ಪ ಮೈ, ನಯವಾದ ಮಾತು. ಹುಡುಗರ ಕೈಯಲ್ಲಿ ಕಾರಿನ ಬಿಡಿಭಾಗ ಕದಿಸುವ ಪಾತ್ರ.

ಸಾಧನಕೇರಿ_ಹುಡುಗ:
ಇದ್ದಾರೆ. ಅದೇ ಎಪಿಸೋಡ್.

ತಂತಿ_ಲೆಕ್ಕ:
ಸರಿ. ಫೈಲನ್ನು ಲ್ಯಾಪ್‌ಟಾಪ್‌ಗೆ ಹಾಕಿ ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ತೆರೆಯಿರಿ. ಟೂಲ್ಸ್‌ನಲ್ಲಿ ಎಫೆಕ್ಟ್ಸ್ ಆ್ಯಂಡ್ ಫಿಲ್ಟರ್ಸ್, ಅದರಲ್ಲಿ ವಿಡಿಯೋ ಎಫೆಕ್ಟ್ಸ್. ಇಮೇಜ್ ಅಡ್ಜಸ್ಟ್ ಆನ್ ಮಾಡಿ ಸ್ಯಾಚುರೇಶನ್ ಅನ್ನು ತುದಿಯವರೆಗೆ ಎಳೆಯಿರಿ. ಫೈಲಿನಲ್ಲಿ ಚೂರು ಬಣ್ಣ ಉಳಿದಿದ್ದರೂ ಮುಖಗಳು ಕಿತ್ತಳೆಯಾಗಿ ಉರಿಯುತ್ತವೆ. ಎಳೆದರೂ ಬೂದು ಬೂದಾಗಿಯೇ ಉಳಿದರೆ ಫೈಲಿನಲ್ಲಿ ಬಣ್ಣವೇ ಇಲ್ಲ. ಕಮಾಂಡ್ ಲೈನ್ ಅಭ್ಯಾಸ ಇದ್ದರೆ ವಿಡಿಯೋ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನ ಸಿಗ್ನಲ್‌ಸ್ಟ್ಯಾಟ್ಸ್ ಫಿಲ್ಟರ್ ಓಡಿಸಿ. ಯು ಮತ್ತು ವಿ (ಬಣ್ಣ ಹೇಳುವ ಎರಡು ಅಂಕಿ) ಸರಾಸರಿ ಎಲ್ಲ ಫ್ರೇಮಿನಲ್ಲೂ 128 ಬಂದರೆ ಅದೂ ಅದೇ ಮಾತು ಹೇಳುತ್ತದೆ.

ಸಾಧನಕೇರಿ_ಹುಡುಗ:
ತುದಿಯವರೆಗೆ ಎಳೆದೆ. ಬೂದು ಬಣ್ಣವೇ. ಕಮಾಂಡ್ ಕೂಡ ಓಡಿಸಿದೆ, ಎಲ್ಲ ಕಡೆ 128.

ತಂತಿ_ಲೆಕ್ಕ:
ಹಾಗಾದರೆ ನನ್ನ ಅನುಮಾನ ಡಿವಿಡಿಯಿಂದ ಫೈಲ್ ಮಾಡುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್ ಮೇಲೆ. ಅದರ ಫಿಲ್ಟರ್ಸ್ ಟ್ಯಾಬ್‌ನಲ್ಲಿ ಗ್ರೇಸ್ಕೇಲ್ ಅಂತ ಬಣ್ಣ ಪೂರ್ತಿ ತೆಗೆಯುವ ಒಂದು ಟಿಕ್ ಇದೆ. ಕಪ್ಪು-ಬಿಳುಪು ಸೀರಿಯಲ್‌ಗೆ ಅದನ್ನು ಹಾಕುವುದು ತಿಳಿದವರ ಕೆಲಸವೇ. ಕೆಲವು ಹಳೇ ಡಿವಿಡಿಗಳಲ್ಲಿ ಸಣ್ಣ ಗೀರಿನ ಕೋಟು ಕಂಡಾಗ ಅದರ ಮೇಲೆ ಕಾಮನಬಿಲ್ಲಿನ ಬಣ್ಣ ಮಿನುಗುತ್ತದೆ. ಗ್ರೇಸ್ಕೇಲ್ ಹಾಕಿದರೆ ಅದು ಹೋಗುತ್ತದೆ. ಒಂದೇ ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಇಟ್ಟು ಸೀಸನ್ 9ರ 30 ಎಪಿಸೋಡ್‌ಗಳನ್ನೂ ಸಾಲಿಗೆ ಬಿಟ್ಟರೆ ಈ ಒಂದಕ್ಕೂ ಅದೇ ಗತಿ. ಭಾವನವರನ್ನು ಒಮ್ಮೆ ಕೇಳಿ.

ಪುತ್ತೂರು_ಪರದೆ:
ಅಷ್ಟು ಯಾಕೆ ಕಷ್ಟ? ಈಗ ಎಐ ಸಾಫ್ಟ್‌ವೇರ್‌ಗಳು ತಾವೇ ಬಣ್ಣ ಹಚ್ಚುತ್ತವೆ. ನನ್ನ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ರಾತ್ರಿ ಸಾಕು. ಫೈಲ್ ಕಳಿಸಿ, ಮಾಡಿ ಕೊಡುತ್ತೇನೆ.

ಕೋರ್ಟು_ಕಟ್ಟೆ:
ನಿಮ್ಮ ಮನಸ್ಸು ದೊಡ್ಡದು, ಆದರೆ ಬೇಡ. ಸಾಫ್ಟ್‌ವೇರ್ ಹಚ್ಚುವುದು ಊಹೆಯ ಬಣ್ಣ. ಈ ಎಪಿಸೋಡಿನ ಬೆಲೆ ಇರುವುದೇ ನಿಜವಾದ ಬಣ್ಣದಲ್ಲಿ. ಹತ್ತನೇ ಸೀಸನ್ ಬಂದರೆ ಬಣ್ಣದಲ್ಲಿ ಬರಬೇಕು ಅಂತ ಇದನ್ನು ಪ್ರಸಾರ ಮಾಡುತ್ತಿದ್ದ ಸಿಬಿಎಸ್ ಚಾನೆಲ್‌ನ ಮುಖ್ಯಸ್ಥ ವಿಲಿಯಂ ಪೇಲಿ ಯೋಚಿಸಿದ್ದರು. ಹೇಗೆ ಕಾಣುತ್ತದೆ ನೋಡೋಣ ಅಂತ ಇದೊಂದನ್ನು ತೆಗೆದರು. ಹತ್ತನೇ ಸೀಸನ್ ಬರಲೇ ಇಲ್ಲ, 1966ರ ಮೇ 22ಕ್ಕೆ ಸರಣಿಯೇ ಮುಗಿಯಿತು. ವರ್ಷಗಟ್ಟಲೆ ಬೂದು ಬಣ್ಣದಲ್ಲಿ ನೋಡಿದ ಆ ಆಫೀಸಿನ ಗೋಡೆ ಯಾವ ಬಣ್ಣ, ಮೇಸನ್ ಸೆಕ್ರೆಟರಿ ಡೆಲ್ಲಾ ಸ್ಟ್ರೀಟ್ ಉಟ್ಟ ಬಟ್ಟೆ ಯಾವ ಬಣ್ಣ ಅಂತ ಸರಣಿಯೊಳಗೇ ಸಾಕ್ಷಿ ಹೇಳುವುದು ಈ ಒಂದೇ ಎಪಿಸೋಡ್. ಅದನ್ನು ಯಂತ್ರದ ಊಹೆಗೆ ಬಿಡಬಾರದು.

ಪುತ್ತೂರು_ಪರದೆ:
ಊಹೆಯಾದರೂ ಕಣ್ಣಿಗೆ ಚೆನ್ನಾಗಿರುತ್ತದೆ. ಎಲ್ಲರೂ ಮ್ಯೂಸಿಯಂ ನೋಡಿದ ಹಾಗೆ ನೋಡಬೇಕು ಅಂತ ಏನಿದೆ?

ಸಾಧನಕೇರಿ_ಹುಡುಗ:
ಭಾವನ ಜೊತೆ ಮಾತಾಡಿದೆ. ಹೌದು, ಹ್ಯಾಂಡ್‌ಬ್ರೇಕ್. ಗ್ರೇಸ್ಕೇಲ್ ಟಿಕ್ ಹಾಕಿದ ಪ್ರೀಸೆಟ್ಟನ್ನೇ ಎಲ್ಲ ಸೀಸನ್‌ಗೂ ಬಳಸಿದ್ದಾರಂತೆ. ಡಿಸ್ಕ್ ಬೇಸ್‌ಮೆಂಟಿನ ಡಬ್ಬದಲ್ಲಿದೆಯಂತೆ, ಇವತ್ತು ರಾತ್ರಿ ಹುಡುಕಿ ಆ ಒಂದು ಎಪಿಸೋಡ್ ಮಾತ್ರ ಮತ್ತೆ ಮಾಡಿ ಕಳಿಸುತ್ತೇನೆ ಅಂದರು. ಯಾವ ಸೆಟ್ಟಿಂಗ್ ಹೇಳಲಿ? ಇನ್ನೊಂದು ಪ್ರಶ್ನೆ, ಇದು ಅಪ್ಪನದ್ದು. ಅಮೆರಿಕದಲ್ಲಿ ಜ್ಯೂರಿ ಇರುತ್ತಲ್ಲ, ಈ ಸೀರಿಯಲ್‌ನಲ್ಲಿ ಯಾಕೆ ಅಷ್ಟಾಗಿ ಕಾಣುವುದಿಲ್ಲ?

ತಂತಿ_ಲೆಕ್ಕ:
ಗ್ರೇಸ್ಕೇಲ್ ಟಿಕ್ ತೆಗೆಯಲಿ. ಡಿಟೆಲಿಸಿನ್ (ಟಿವಿಗಾಗಿ ಸೇರಿಸಿದ ಹೆಚ್ಚುವರಿ ಫ್ರೇಮ್ ತೆಗೆಯುವ ಫಿಲ್ಟರ್) ‘ಡೀಫಾಲ್ಟ್’ ಆಯ್ಕೆಯಲ್ಲಿರಲಿ, ಇದು ಸೆಕೆಂಡಿಗೆ 24 ಫ್ರೇಮಿನ ಫಿಲ್ಮಿನಲ್ಲಿ ತೆಗೆದದ್ದು. ಫ್ರೇಮ್ ರೇಟ್ ‘ಸೇಮ್ ಆ್ಯಸ್ ಸೋರ್ಸ್’. ಸೌಂಡನ್ನು ಮುಟ್ಟದೆ ಇದ್ದ ಹಾಗೇ ಪಾಸ್‌ಥ್ರೂ ಮಾಡಲಿ. ಕಳಿಸುವ ಮೊದಲು ಅವರೇ ಒಂದು ನಿಮಿಷ ನೋಡಿಬಿಡಲಿ, ಶನಿವಾರ ರಾತ್ರಿ ನಿಮಗೆ ಓಡಾಟ ತಪ್ಪುತ್ತದೆ.

ಕೋರ್ಟು_ಕಟ್ಟೆ:
ಅಪ್ಪನವರು ಸರಿಯಾಗಿಯೇ ಹಿಡಿದಿದ್ದಾರೆ. ಇದರಲ್ಲಿ ಬರುವ ಕೋರ್ಟ್ ದೃಶ್ಯಗಳಲ್ಲಿ ಹೆಚ್ಚಿನವು ಪೂರ್ಣ ವಿಚಾರಣೆ ಅಲ್ಲ, ಪ್ರಿಲಿಮಿನರಿ ಹಿಯರಿಂಗ್. ಆರೋಪಿಯನ್ನು ವಿಚಾರಣೆಗೆ ಒಪ್ಪಿಸುವಷ್ಟು ಸಾಕ್ಷ್ಯ ಇದೆಯಾ ಅಂತ ನ್ಯಾಯಾಧೀಶರು ಮಾತ್ರ ನೋಡುತ್ತಾರೆ, ಜ್ಯೂರಿ ಬೇಕಿಲ್ಲ. ನಮ್ಮಲ್ಲೂ 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಮೊದಲು ಸೆಷನ್ಸ್ ಕೇಸುಗಳಿಗೆ ಮ್ಯಾಜಿಸ್ಟ್ರೇಟರ ಮುಂದೆ ಕಮಿಟಲ್ ವಿಚಾರಣೆ ನಡೆಯುತ್ತಿತ್ತಲ್ಲ, ಹೆಚ್ಚು ಕಡಿಮೆ ಆ ಹಂತ. ಅಪ್ಪನವರಿಗೆ ಹಾಗೆ ಹೇಳಿ, ತಕ್ಷಣ ಗೊತ್ತಾಗುತ್ತದೆ.

ಹಳೇಟ್ಯೂಬ್:
ಸಂತೋಷ. ಆದರೂ ಮುಂದೆ ಇದೇ ಸಮಸ್ಯೆ ಹುಡುಕಿಕೊಂಡು ಬರುವವರಿಗೆ ಹೇಳುತ್ತೇನೆ: ನಿಮ್ಮದು ಡಿಸ್ಕ್ ಮತ್ತು ಹಳದಿ ವೈರ್ ಆಗಿದ್ದರೆ ಮೊದಲು ಟಿವಿ ಟೈಪ್ ನೋಡಿ. ನನ್ನ 29 ಇಂಚಿನ ಟ್ಯೂಬ್ ಟಿವಿಯಲ್ಲಿ ಅದೇ ಕಾರಣ ಆಗಿತ್ತು. ಆ ಟಿವಿ ಇವತ್ತಿಗೂ ಓಡುತ್ತಿದೆ.

ಮಂಡ್ಯ_ಮೋನೋ:
ನನ್ನದೂ ಒಂದು ಇದೆ. ಸೀಸನ್ 6, ಬೆಟ್ಟೆ ಡೇವಿಸ್ ಬರುವ ‘ಕಾನ್‌ಸ್ಟಂಟ್ ಡಾಯ್ಲ್’. ಅರ್ಧ ಗಂಟೆ ಆದ ಮೇಲೆ ತುಟಿಗೂ ಮಾತಿಗೂ ಹೊಂದುವುದಿಲ್ಲ. ಯಾಕೆ?

ತಂತಿ_ಲೆಕ್ಕ:
ಡಿಸ್ಕೋ, ಫೈಲೋ? ಯಾವ ಪ್ಲೇಯರ್? ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.