ಇಂಗ್ಲೆಂಡ್ ರಗ್ಬಿ ಆಟಗಾರ ಜಾನಿ ವಿಲ್ಕಿನ್ಸನ್: 1179 ಅಂಕವೋ, 1246 ಅಂಕವೋ? ಜೊತೆಗೆ ಡ್ರಾಪ್ ಗೋಲ್ ಬಗ್ಗೆ ಒಂದೆರಡು ಅನುಮಾನ

ಒಂಬತ್ತನೇ ನಂಬರ್:
ವಿಲ್ಕಿನ್ಸನ್ ಅಂತರರಾಷ್ಟ್ರೀಯ ಅಂಕ ಒಂದು ಕಡೆ 1179 ಅಂತಿದೆ, ಇನ್ನೊಂದು ಕಡೆ 1246. ಯಾವುದು ಸರಿ? ಎರಡನೆಯದು, ಅವರು ಎಡಗಾಲಿನ ಆಟಗಾರ. ಹಾಗಿದ್ದೂ 2003ರ ವಿಶ್ವಕಪ್ ಫೈನಲ್‌ನ ಗೆಲುವಿನ ಡ್ರಾಪ್ ಗೋಲ್ (ಆಟದ ನಡುವೆ ಚೆಂಡನ್ನ ಕೈಯಿಂದ ಬಿಟ್ಟು, ನೆಲಕ್ಕೆ ತಾಗಿ ಪುಟಿಯುವಾಗ ಗೋಲಿಗೆ ಒದೆಯೋದು) ಬಲಗಾಲಿನದು. ಅದು ಅದೃಷ್ಟವೋ, ಲೆಕ್ಕಾಚಾರವೋ? ಕೊನೆಯದು: ಡ್ರಾಪ್ ಗೋಲ್ ನೋಡೋಕೆ ಸಲೀಸು, ಒದೆಯೋಕೆ ಹೋದರೆ ಚೆಂಡು ಅಡ್ಡಾದಿಡ್ಡಿ ಜಾರುತ್ತೆ. ಎಲ್ಲಿ ಕೈಕೊಡುತ್ತೆ?

ಅಂಕಿಅಂಶ:
ಎರಡೂ ಸರಿ. 1179 ಇಂಗ್ಲೆಂಡ್‌ಗೆ, 91 ಪಂದ್ಯಗಳಲ್ಲಿ. ಬ್ರಿಟಿಷ್ ಅಂಡ್ ಐರಿಶ್ ಲಯನ್ಸ್ (ಬ್ರಿಟನ್-ಐರ್ಲೆಂಡ್‌ನ ಜಂಟಿ ತಂಡ) ಪರ ಆಡಿದ 6 ಟೆಸ್ಟ್‌ಗಳ 67 ಸೇರಿಸಿದರೆ 1246. ಬಿಡಿಸಿ ನೋಡಿದರೆ ಇಂಗ್ಲೆಂಡ್ ಲೆಕ್ಕ ಹೀಗಿದೆ: 6 ಟ್ರೈ (ಚೆಂಡನ್ನ ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಒತ್ತೋದು; 30), 162 ಕನ್ವರ್ಷನ್ (ಟ್ರೈ ಆದಮೇಲಿನ ಒದೆತ; 324), 239 ಪೆನಾಲ್ಟಿ (717), 36 ಡ್ರಾಪ್ ಗೋಲ್ (108). ಲಯನ್ಸ್‌ಗೆ 1 ಟ್ರೈ, 7 ಕನ್ವರ್ಷನ್, 16 ಪೆನಾಲ್ಟಿ. ಡ್ರಾಪ್ ಗೋಲ್ ಒಂದೂ ಇಲ್ಲ. ಹಾಗಾಗಿ 36 ಅನ್ನೋ ಸಂಖ್ಯೆ ಯಾವ ಪಟ್ಟಿಯಲ್ಲೂ ಬದಲಾಗಲ್ಲ.

ಲಯನ್ಸ್ ಟೆಸ್ಟ್ 5 ಅಂತ ಎಣಿಸುವವರು ಸಾಮಾನ್ಯವಾಗಿ ಮರೆಯೋದು 2005ರ ಮೇ ತಿಂಗಳಲ್ಲಿ ಕಾರ್ಡಿಫ್‌ನಲ್ಲಿ ನಡೆದ ಅರ್ಜೆಂಟೀನಾ ಪಂದ್ಯವನ್ನ. 25-25ರ ಡ್ರಾ, ಅದರಲ್ಲಿ 20 ಇವರವೇ.

ಇನ್ನೊಂದು ಎಚ್ಚರಿಕೆ. "ಇಂಗ್ಲೆಂಡ್ ಪರ ಅತಿ ಹೆಚ್ಚು ಅಂಕ" ಅಂತ ಈಗ ಬರೆದರೆ ತಪ್ಪು. 2023ರ ವಿಶ್ವಕಪ್‌ನ ಸಮೋವಾ ಪಂದ್ಯದಲ್ಲಿ ಓವೆನ್ ಫ್ಯಾರೆಲ್ ಆ ದಾಖಲೆ ದಾಟಿದರು. ವಿಶ್ವಕಪ್‌ಗಳಲ್ಲಿ ಒಟ್ಟು 277 ಅಂಕ ಮತ್ತು 14 ಡ್ರಾಪ್ ಗೋಲ್ ಇನ್ನೂ ವಿಲ್ಕಿನ್ಸನ್ ಹೆಸರಲ್ಲೇ ಇವೆ.

ಈ ಮೊತ್ತ ಓದುವಾಗ ನಡುವಿನ ಖಾಲಿ ಜಾಗವನ್ನೂ ನೋಡಬೇಕು. 2003ರ ನವೆಂಬರ್ 22ರ ಫೈನಲ್ ಆದಮೇಲೆ ಮತ್ತೆ ಇಂಗ್ಲೆಂಡ್ ಜೆರ್ಸಿ ಹಾಕಿದ್ದು 2007ರ ಫೆಬ್ರವರಿ 3ರಂದು, ಸ್ಕಾಟ್ಲೆಂಡ್ ವಿರುದ್ಧ. ಕುತ್ತಿಗೆ, ತೋಳು, ಮೊಣಕಾಲು, ಕಿಡ್ನಿ, ಹೀಗೆ ಒಂದಾದ ಮೇಲೊಂದು ಗಾಯ. ಸಾಮಾನ್ಯವಾಗಿ ಫ್ಲೈ ಹಾಫ್‌ನನ್ನ (ವಿಲ್ಕಿನ್ಸನ್‌ರಂತೆ ಆಟ ನಡೆಸುವ, ಒದೆಯುವ 10ನೇ ನಂಬರ್ ಆಟಗಾರ) ಡಿಫೆನ್ಸ್‌ನಲ್ಲಿ ಆದಷ್ಟು ಬಚ್ಚಿಡುತ್ತಾರೆ. ಈ ಮನುಷ್ಯ ದೊಡ್ಡ ಮೈಯ ಫಾರ್ವರ್ಡ್‌ಗಳಿಗೇ ಭುಜ ಕೊಟ್ಟು ಟ್ಯಾಕಲ್ ಮಾಡುತ್ತಿದ್ದರು. ಅದಕ್ಕೆ ದೇಹ ಬೆಲೆ ತೆತ್ತಿತು ಅನ್ನೋದು ನನ್ನ ಅಭಿಪ್ರಾಯ. ವಾಪಸ್ ಬಂದ ದಿನ 27 ಅಂಕ: ಟ್ರೈ, ಕನ್ವರ್ಷನ್, ಪೆನಾಲ್ಟಿ, ಡ್ರಾಪ್ ಗೋಲ್ ನಾಲ್ಕೂ ಬಗೆ.

ರಕ್‌ನ ಅಡಿಯಲ್ಲಿ:
ಬಲಗಾಲಿನ ಪ್ರಶ್ನೆಗೆ ಬರೋಣ. ಆ ಒದೆತಕ್ಕಿಂತ ಅದರ ಹಿಂದಿನ ಅರ್ಧ ನಿಮಿಷ ನೋಡಿ, ಅದೃಷ್ಟ ಅನ್ನೋ ಮಾತು ಬರಲ್ಲ.

80 ನಿಮಿಷಕ್ಕೆ 14-14. ಹೆಚ್ಚುವರಿ ಸಮಯದಲ್ಲಿ ಆಸ್ಟ್ರೇಲಿಯಾದ ಎಲ್ಟನ್ ಫ್ಲ್ಯಾಟ್ಲಿ ಪೆನಾಲ್ಟಿ ಹಾಕಿ 17-17 ಮಾಡಿದ್ದರು. ಇಂಗ್ಲೆಂಡ್ ಉದ್ದಕ್ಕೆ ಕಿಕ್ ಆಫ್ ಮಾಡಿತು. ಆಸ್ಟ್ರೇಲಿಯಾ ಒತ್ತಡದಲ್ಲಿ ಚೆಂಡನ್ನ ಗೆರೆಯಾಚೆ ಒದ್ದಿತು, ಲೈನ್‌ಔಟ್ (ಎರಡು ತಂಡಗಳ ಸಾಲಿನ ನಡುವೆ ಚೆಂಡನ್ನ ಒಳಗೆ ಎಸೆಯೋದು) ಇಂಗ್ಲೆಂಡ್‌ಗೆ. ಸ್ಟೀವ್ ಥಾಂಪ್ಸನ್ ಎಸೆದದ್ದು ಸಾಲಿನ ಕಟ್ಟಕಡೆಗೆ, ಲೂಯಿಸ್ ಮೂಡಿಗೆ. ಅಪಾಯದ ಎಸೆತ, ಆದರೆ ಅಲ್ಲಿಂದ ಚೆಂಡು ಮೈದಾನದ ನಡುವಿಗೆ ಬೇಗ ಬರುತ್ತೆ. ಮೈಕ್ ಕ್ಯಾಟ್ ನೇರ ನುಗ್ಗಿ ಡಿಫೆಂಡರ್‌ಗಳನ್ನ ಒಂದೆಡೆ ಸೇರಿಸಿದರು. ರಕ್ (ನೆಲದ ಮೇಲಿನ ಚೆಂಡಿಗೆ ಎರಡೂ ತಂಡದವರು ತಳ್ಳಾಡುವ ಗುಂಪು) ಪಕ್ಕದ ಸಂದಿಯಲ್ಲಿ ಮ್ಯಾಟ್ ಡಾಸನ್ ನುಸುಳಿ ಓಡಿದಾಗ ಗೋಲು ಅಳತೆಗೆ ಸಿಕ್ಕಿತು.

ಇಲ್ಲೇ ತೊಡಕು: ಡಾಸನ್ ಈಗ ರಕ್‌ನ ಕೆಳಗೆ. ರಕ್‌ನಿಂದ ಚೆಂಡು ತೆಗೆದು ಪಾಸ್ ಕೊಡುವ ಅವರ ಸ್ಕ್ರಮ್ ಹಾಫ್ ಜಾಗದಲ್ಲಿ ಫ್ಲ್ಯಾಂಕರ್ (ಒಬ್ಬ ಫಾರ್ವರ್ಡ್) ನೀಲ್ ಬ್ಯಾಕ್. ಅವರು ಅಲ್ಲಿಂದಲೇ ವಿಲ್ಕಿನ್ಸನ್‌ಗೆ ಪಾಸ್ ಕೊಡಬಹುದಿತ್ತು. ಆದರೆ ಫಾರ್ವರ್ಡ್ ಕೊಡುವ ಪಾಸ್ ನಿಧಾನ. ಪಾದದ ಹತ್ತಿರವೋ ತಲೆ ಮೇಲೋ ಬಂದರೆ ಮುಗಿಯಿತು. ಬ್ಯಾಕ್ ಚೆಂಡನ್ನ ನಾಯಕ ಮಾರ್ಟಿನ್ ಜಾನ್ಸನ್‌ಗೆ ಕೊಟ್ಟರು. ಜಾನ್ಸನ್ ಎರಡು ಹೆಜ್ಜೆ ನುಗ್ಗಿ ಬಿದ್ದರು, ಅಷ್ಟರಲ್ಲಿ ಡಾಸನ್ ಎದ್ದು ತನ್ನ ಜಾಗಕ್ಕೆ ಬಂದರು. ಆ ಪಂದ್ಯದ ಅತ್ಯುತ್ತಮ ನಿರ್ಧಾರ ಅದೇ ಅನ್ನಬೇಕು, ಹೈಲೈಟ್ಸ್‌ನಲ್ಲಿ ಮಾತ್ರ ಯಾರೂ ಗಮನಿಸಲ್ಲ. ಆಮೇಲೆ ಡಾಸನ್ ಪಾಸ್, ಬಲಗಾಲು, 20-17.

ಕಾಲು ಬದಲಿಸೋದು ಅಂದ್ರೆ ಒಂದು ಹೆಜ್ಜೆ ಹೆಚ್ಚು. ಎದುರಿನವರು ರಕ್‌ನಿಂದ ಚಾರ್ಜ್ ಡೌನ್‌ಗೆ (ಒದ್ದ ಚೆಂಡನ್ನ ಅಡ್ಡಗಟ್ಟೋಕೆ) ಓಡಿ ಬರುವಾಗ ಆ ಒಂದು ಹೆಜ್ಜೆಗೂ ಪುರುಸೊತ್ತಿರಲ್ಲ. ಎರಡೂ ಕಾಲಲ್ಲಿ ಒದೆಯಬಲ್ಲವನಿಗೆ ಪಾಸ್ ಯಾವ ಕಡೆಯಿಂದ ಬಂದರೂ ಆ ಹೆಜ್ಜೆ ಬೇಕಿಲ್ಲ. ಅದೇ ಪಂದ್ಯದಲ್ಲಿ ಮೊದಲಿನ ಡ್ರಾಪ್ ಗೋಲ್ ಯತ್ನಗಳು ಗುರಿ ತಪ್ಪಿದ್ದವು ಅನ್ನೋದೂ ನೆನಪಿರಲಿ.

ಟೀ ಮೇಲಿನ ಚೆಂಡು:
ಮೂರನೇ ಪ್ರಶ್ನೆ. ಮುಕ್ಕಾಲು ಪಾಲು ತಪ್ಪು ಕಾಲಲ್ಲಲ್ಲ, ಕೈಯಲ್ಲಿ. ಚೆಂಡನ್ನ "ಎಸೆಯ"ಬಾರದು, ಬಿಡಬೇಕು. ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಮೇಲಿನ ತುದಿ ತುಸು ನಿಮ್ಮ ಕಡೆ ವಾಲಿರಲಿ. ಆದಷ್ಟು ಕೆಳಗಿಂದ ಬಿಡಿ. ಎದೆಯ ಮಟ್ಟದಿಂದ ಬಿಟ್ಟರೆ ಬೀಳುವಷ್ಟರಲ್ಲಿ ಚೆಂಡು ವಾಲುತ್ತೆ, ತುದಿಯ ಬದಲು ಹೊಟ್ಟೆ ನೆಲಕ್ಕೆ ತಾಗುತ್ತೆ. ನೀವು ಹೇಳುವ ಅಡ್ಡ ಜಾರುವಿಕೆ ಇದೇ. ಊರುವ ಕಾಲಿನ ಪಕ್ಕದಲ್ಲಿ, ಬೆರಳುಗಳಿಗಿಂತ ತುಸು ಮುಂದೆ ಬೀಳಬೇಕು. ಆ ಪಾದದ ಬೆರಳು ಗುರಿಯ ಕಡೆಗಿರಲಿ.

ಪುಟಿದು ಏಳುವ ಕ್ಷಣಕ್ಕೇ ಒದೆಯಬೇಕು. ನೆಲ ಮುಟ್ಟುವ ಮುನ್ನವೇ ತಾಗಿದರೆ ಅದು ಪಂಟ್, ಗೋಲಿನ ನಡುವೆ ಹೋದರೂ ಅಂಕವಿಲ್ಲ. ತಡವಾದರೆ ಮೊಣಕಾಲ ಹತ್ತಿರ ಸಿಕ್ಕಿ ಆಕಾಶಕ್ಕೆ ಏರುತ್ತೆ. ತಾಗಬೇಕಾದ್ದು ಶೂ ಲೇಸ್ ಕಟ್ಟುವ ಜಾಗದ ಗಟ್ಟಿ ಎಲುಬಿಗೆ, ಬೆರಳಿಗಲ್ಲ. ಮೈ ಹಿಂದಕ್ಕೆ ಬಾಗಿದರೆ ಎತ್ತರ ಸಿಗುತ್ತೆ, ದೂರ ಸಿಗಲ್ಲ. ಅಡ್ಡಪಟ್ಟಿ ಇರೋದು ಬರೀ 3 ಮೀಟರ್ ಎತ್ತರದಲ್ಲಿ, ಅಷ್ಟು ಎತ್ತುವ ಅಗತ್ಯವೇ ಇಲ್ಲ. ಕಂಬಗಳ ನಡುವಿನ ಅಂತರ 5.6 ಮೀಟರ್.

ನಿಲ್ಲುವ ಜಾಗವೂ ಮುಖ್ಯ: ರಕ್‌ನಿಂದ 8-10 ಮೀಟರ್ ಹಿಂದೆ. ಗೋಲಿಗೆ ಹತ್ತಿರವಾಗಲಿ ಅಂತ 5 ಮೀಟರ್‌ಗೆ ಬಂದರೆ ಚೆಂಡು ಎದುರಿನವನ ಕೈಗೇ ಹೊಡೆಯುತ್ತೆ.

ಟೀ (ಚೆಂಡು ನಿಲ್ಲಿಸುವ ಸಣ್ಣ ಆಸರೆ) ಮೇಲಿಂದ ಒದೆಯುವಾಗ ವಿಲ್ಕಿನ್ಸನ್ ಎರಡೂ ಕೈ ಜೋಡಿಸಿ ಬಾಗಿ ನಿಲ್ಲುತ್ತಿದ್ದ ಭಂಗಿ ಎಲ್ಲರೂ ಅನುಕರಿಸಿದ್ದಾರೆ. ಅದರಿಂದ ಚೆಂಡು ಹೆಚ್ಚು ದೂರ ಹೋಗಲ್ಲ. ಸುತ್ತಲಿನ ಗದ್ದಲ ಮರೆಯೋಕೆ ಅದು. ಕಲಿಯೋದಿದ್ದರೆ ಇನ್ನೊಂದು ಅಭ್ಯಾಸ ಕಲಿಯಿರಿ. ಕೋಚ್ ಡೇವ್ ಆಲ್ರೆಡ್ ಜೊತೆ ಪಳಗಿದ ಅವರು ಗುರಿ ಇಡುತ್ತಿದ್ದದ್ದು ಕಂಬಗಳ ನಡುವಿಗಲ್ಲ. ಅವುಗಳ ಹಿಂದಿನ ಗ್ಯಾಲರಿಯಲ್ಲಿ ಕೂತ 'ಡೋರಿಸ್' ಎಂಬ ಕಲ್ಪನೆಯ ಹೆಂಗಸಿಗೆ. ಗುರಿ ದೂರದಲ್ಲಿ, ಚಿಕ್ಕದಾಗಿ ಇದ್ದರೆ ಕಾಲು ಚೆಂಡಿಗೆ ತಾಗಿ ನಿಲ್ಲದೆ ಮುಂದಕ್ಕೆ ಸಾಗುತ್ತೆ.

ಒಂಬತ್ತನೇ ನಂಬರ್:
ಸಿಕ್ಕಾಪಟ್ಟೆ ಮಾಹಿತಿ, ಧನ್ಯವಾದ. 2011ರ ವಿಶ್ವಕಪ್‌ನಲ್ಲಿ ಚೆಂಡು ಬದಲಿಸಿದ ಗಲಾಟೆ ಏನದು? ಅದರಲ್ಲಿ ಅವರದೂ ತಪ್ಪಿತ್ತಾ?

ಅಂಕಿಅಂಶ:
ಶಿಕ್ಷೆ ಆದದ್ದು ಸಿಬ್ಬಂದಿಗೆ. ಟ್ರೈ ಗಳಿಸಿದ ಚೆಂಡಿನಿಂದಲೇ ಕನ್ವರ್ಷನ್ ಒದೆಯಬೇಕು, ಚೆಂಡು ಹಾಳಾಗಿದ್ದರೆ ಮಾತ್ರ ಬದಲಿಸಬಹುದು. ರೊಮೇನಿಯಾ ಪಂದ್ಯದಲ್ಲಿ ಆಲ್ರೆಡ್ ಮತ್ತು ಫಿಟ್ನೆಸ್ ಕೋಚ್ ಪಾಲ್ ಸ್ಟ್ರಿಡ್ಜನ್ ಚೆಂಡು ಬದಲಿಸಿದರು. ಇಂಗ್ಲೆಂಡ್‌ನ ಮಂಡಳಿಯೇ ಇಬ್ಬರನ್ನೂ ಸ್ಕಾಟ್ಲೆಂಡ್ ಪಂದ್ಯದಿಂದ ಹೊರಗಿಟ್ಟಿತು. ಆ ಟೂರ್ನಿಯಲ್ಲಿ ವಿಲ್ಕಿನ್ಸನ್ ಒದೆತಗಳು ಗುರಿ ತಪ್ಪುತ್ತಲೇ ಇದ್ದವು. ಅದೇ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು.

ರಕ್‌ನ ಅಡಿಯಲ್ಲಿ:
ಅಲ್ಲಿಗೇ ನಿಲ್ಲಿಸಿಬಿಟ್ಟರೆ ಚಿತ್ರ ಅರ್ಧ. 2009ರಿಂದ ಅವರು ಫ್ರಾನ್ಸ್‌ನ ತುಲೋನ್ ಕ್ಲಬ್‌ನಲ್ಲಿದ್ದರು. 2013ರಲ್ಲಿ ಯುರೋಪಿನ ಕ್ಲಬ್‌ಗಳ ಹೈನೆಕೆನ್ ಕಪ್, ಕ್ಲೆರ್ಮೋನ್ ವಿರುದ್ಧ 16-15. 2014ರಲ್ಲಿ ಸಾರಸೆನ್ಸ್ ವಿರುದ್ಧ 23-6ರಿಂದ ಮತ್ತೆ ಅದೇ ಕಪ್. ಒಂದು ವಾರ ಬಿಟ್ಟು, ಮೇ 31ರಂದು, ಫ್ರಾನ್ಸ್‌ನ ಲೀಗ್ ಟಾಪ್ 14ರ ಫೈನಲ್‌ನಲ್ಲಿ ಕಾಸ್ತ್ರ ವಿರುದ್ಧ 18-10. ಆ 18ರಲ್ಲಿ 15 ಅವರವು: ನಾಲ್ಕು ಪೆನಾಲ್ಟಿ, ಒಂದು ಡ್ರಾಪ್ ಗೋಲ್. ಅದೇ ಕೊನೆಯ ಪಂದ್ಯ, ವಯಸ್ಸು 35.