ಓವೆರ್ನ್ ಸೀಮೆ ನೋಡಬೇಕೆನ್ನುವವರಿಗೆ: ಈ ವಾರದ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಮಧ್ಯ ಫ್ರಾನ್ಸಿನ ಕ್ಲೆರ್ಮೊಂ-ಫೆರಾಂ ಊರಿನಲ್ಲಿ ಪ್ರವಾಸಿ ಮಾರ್ಗದರ್ಶಿ. ಸುತ್ತಲಿನ ಓವೆರ್ನ್ ಸೀಮೆಯ ಬೆಟ್ಟ, ಹಳ್ಳಿ, ಮ್ಯೂಸಿಯಂಗಳನ್ನು ತೋರಿಸುವುದೇ ನನ್ನ ಹೊಟ್ಟೆಪಾಡು. ಈ ವಾರ ಪ್ರಶ್ನೆ ಕೇಳಿ ಎಂದಿದ್ದಕ್ಕೆ ಬಂದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ (ನಿವೃತ್ತ ಶಿಕ್ಷಕಿ, ವಿಜಯಪುರ): ಸೆಪ್ಟೆಂಬರಿನಲ್ಲಿ ಮಗನ ಮನೆಗೆಂದು ಪ್ಯಾರಿಸಿಗೆ ಬರುತ್ತಿದ್ದೇವೆ. ಹೋದ ಸಲ ಐಫೆಲ್ ಗೋಪುರ, ದೊಡ್ಡ ದೊಡ್ಡ ಮ್ಯೂಸಿಯಂ ಎಲ್ಲ ಆಯಿತು. ಈ ಸಲ ಹಳ್ಳಿಗಾಡು ನೋಡುವ ಆಸೆ. ನಿಮ್ಮ ಸೀಮೆಗೆ ನಾಲ್ಕು ದಿನ ಕೊಡಬಹುದು. ಮಗ ಕಾರು ಓಡಿಸುತ್ತಾನೆ. ನಮ್ಮ ಯಜಮಾನರಿಗೆ ಮಂಡಿನೋವು, ಮೆಟ್ಟಿಲು ಆಗುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೇಡಂ, ನೀವು ಗೋಲಗುಮ್ಮಟದ ಊರಿನವರು, ಕಪ್ಪು ಕಲ್ಲು ನಿಮಗೆ ಹೊಸದಲ್ಲ. ಇಲ್ಲಿಯೂ ಊರಿಗೆ ಊರೇ ಕಪ್ಪು ಕಲ್ಲಿನದು. ಕ್ಲೆರ್ಮೊಂ ಊರಿನ ಕೆಥೀಡ್ರಲ್ ಅನ್ನು ವೋಲ್ವಿಕ್ ಎಂಬ ಪಕ್ಕದ ಹಳ್ಳಿಯ ಲಾವಾ ಕಲ್ಲಿನಲ್ಲಿ ಕಟ್ಟಿದ್ದಾರೆ. ಮೊದಲ ಸಲ ನೋಡಿದವರು ಬೆಂಕಿಗೆ ಸಿಕ್ಕಿ ಸುಟ್ಟಿತ್ತೇ ಎಂದು ಕೇಳುವುದುಂಟು. ವ್ಯತ್ಯಾಸ ಇರುವುದು ವಯಸ್ಸಿನಲ್ಲಿ. ನಿಮ್ಮ ಕಡೆ ಕಲ್ಲಾಗಿ ಗಟ್ಟಿಯಾದ ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ಇಲ್ಲಿನ ಜ್ವಾಲಾಮುಖಿಗಳ ಸಾಲಿನಲ್ಲಿ ಅತಿ ಹಳೆಯದಕ್ಕೂ ಒಂದು ಲಕ್ಷ ವರ್ಷ ತುಂಬಿಲ್ಲ. ಅದಕ್ಕೇ ಬೆಟ್ಟಗಳ ಆಕಾರ ಇನ್ನೂ ಸವೆದಿಲ್ಲ. ಸುಮಾರು 80 ಬೆಟ್ಟಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಕುಳಿತಿವೆ. ಕೆಲವಕ್ಕೆ ನೆತ್ತಿಯಲ್ಲಿ ಬಟ್ಟಲಿನಂಥ ಕುಳಿ, ಮೈತುಂಬ ಹುಲ್ಲು. 2018ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಾಲಿನ ಪೂರ್ವಕ್ಕೆ ಲಿಮಾಞ್ ಬಯಲು ಇದೆ. ಅಲ್ಲಿನ ಕರಿ ಮಣ್ಣು ನೋಡಿದರೆ ನಿಮಗೆ ಊರಿನ ಎರೆಹೊಲ ನೆನಪಾದೀತು.

ಪ್ಯುಯಿ ದ ದೋಮ್, 1465 ಮೀಟರ್, ಈ ಸಾಲಿನ ಯಜಮಾನ. ಮಂಡಿನೋವಿನ ಚಿಂತೆ ಬೇಡ, 2012ರಿಂದ ಹಲ್ಲುಗಂಬಿಯ ರೈಲು ಓಡುತ್ತಿದೆ, ಕಾಲು ಗಂಟೆಯಲ್ಲಿ ನೆತ್ತಿಯಲ್ಲಿ ಇಳಿಸುತ್ತದೆ. ಮೇಲೆ ರೋಮನ್ನರ ಕಾಲದ ಮರ್ಕ್ಯುರಿ ದೇವಾಲಯದ ಅವಶೇಷವಿದೆ. ಶಿಕ್ಷಕಿಯಾದ ನಿಮಗೆ ಇನ್ನೊಂದು ಕಥೆ ಹಿಡಿಸಬಹುದು. ಗಾಳಿಗೂ ತೂಕವಿದೆಯೇ ಎಂಬ ವಾದ ನಡೆಯುತ್ತಿದ್ದ ಕಾಲದಲ್ಲಿ, ಕ್ಲೆರ್ಮೊಂನಲ್ಲೇ ಹುಟ್ಟಿದ ವಿಜ್ಞಾನಿ ಬ್ಲೇಸ್ ಪಾಸ್ಕಲ್ ತನ್ನ ಭಾವನಿಗೆ ಪತ್ರ ಬರೆದು ಒಂದು ಕೆಲಸ ಒಪ್ಪಿಸಿದ. ಭಾವ ಫ್ಲೋರಾಂ ಪೆರಿಯೇ 1648ರ ಸೆಪ್ಟೆಂಬರ್ 19ರಂದು ಪಾದರಸದ ಕೊಳವೆಯನ್ನು ಹೊತ್ತು ಈ ಬೆಟ್ಟ ಹತ್ತಿದ. ಇನ್ನೊಂದು ಕೊಳವೆಯನ್ನು ಊರಿನಲ್ಲೇ ಬಿಟ್ಟು ಒಬ್ಬರನ್ನು ಕಾವಲಿಟ್ಟಿದ್ದ. ಕೆಳಗಿನದು ಅಲುಗಲಿಲ್ಲ. ಮೇಲಿನದರಲ್ಲಿ ಪಾದರಸ ಎಂಟು ಸೆಂಟಿಮೀಟರಿನಷ್ಟು ಇಳಿದಿತ್ತು. ಎತ್ತರಕ್ಕೆ ಹೋದಂತೆ ಪಾದರಸವನ್ನು ಒತ್ತುವ ಗಾಳಿಯ ಭಾರ ಕಡಿಮೆಯಾಗುತ್ತದೆ, ಅಂದರೆ ಗಾಳಿಗೂ ತೂಕವಿದೆ ಎಂದಾಯಿತು. ಫ್ರೆಂಚಿನಲ್ಲಿ ಪಾದರಸಕ್ಕೂ ಆ ರೋಮನ್ ದೇವರಿಗೂ ಒಂದೇ ಹೆಸರು. ಪೆರಿಯೇ ಹತ್ತಿದಾಗ ದೇವಾಲಯ ಮಣ್ಣಿನಡಿ ಇತ್ತು, ಅದು ಹೊರಬಿದ್ದದ್ದು 19ನೆಯ ಶತಮಾನದಲ್ಲಿ, ಅಲ್ಲಿ ವೀಕ್ಷಣಾಲಯ ಕಟ್ಟಲು ಅಗೆದಾಗ.

ಒಂದು ಮಾತನ್ನು ಮಾತ್ರ ಗಂಟು ಹಾಕಿಕೊಳ್ಳಿ. ಬೆಟ್ಟಕ್ಕೆ ಇಂಥ ದಿನ ಎಂದು ಮೊದಲೇ ಗೊತ್ತುಮಾಡಬೇಡಿ. ಬೆಳಿಗ್ಗೆ ಎದ್ದು ಕಿಟಕಿ ತೆರೆಯಿರಿ, ಬೆಟ್ಟ ಕಂಡರೆ ಅಂದೇ ಹೊರಡಿ, ಕಾಣದಿದ್ದರೆ ಮ್ಯೂಸಿಯಂ. ಕೆಲಸಕ್ಕೆ ಹೊಸದರಲ್ಲಿ ಹನ್ನೆರಡು ಜನರನ್ನು ವೇಳಾಪಟ್ಟಿಯ ಪ್ರಕಾರ ಮೇಲೆ ಕರೆದುಕೊಂಡು ಹೋಗಿ, ಒಂದು ಗಂಟೆ ಬಿಳಿ ಮೋಡವನ್ನು ತೋರಿಸಿ ಇಳಿಸಿದ್ದೇನೆ. ದುಡ್ಡು ಕೊಟ್ಟವರ ಮುಖ ನೋಡಲಾಗಲಿಲ್ಲ.

ಬೆಟ್ಟದ ದಿನವೇ ಮಧ್ಯಾಹ್ನ ಲಾಂಪ್ತೆಜಿಗೆ ಹೋಗಿ. ಇದು ಕಲ್ಲುಗಣಿಯವರು ಅಗೆದು ಅಗೆದು ಹೊಟ್ಟೆ ಬಗೆದಿಟ್ಟ ಜ್ವಾಲಾಮುಖಿ. ಒಳಗೆ ನಿಂತು ಕೆಂಪು, ಕಪ್ಪು, ಕಂದು ಪದರಗಳನ್ನು ನೋಡಬಹುದು, ನಡೆಯಲಾರದವರಿಗೆ ಪುಟ್ಟ ರೈಲುಗಾಡಿಯೂ ಉಂಟು. ಹತ್ತಿರದಲ್ಲೇ 2002ರಲ್ಲಿ ತೆರೆದ ವುಲ್ಕಾನಿಯಾ ಎಂಬ ದೊಡ್ಡ ಉದ್ಯಾನವಿದೆ. ಮೊಮ್ಮಕ್ಕಳು ಜೊತೆಗಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ಬೇಡ.

ಎರಡನೆಯ ದಿನ ದಕ್ಷಿಣಕ್ಕೆ: ಓರ್ಸಿವಾಲ್ ಹಳ್ಳಿಯ ಹಳೆಯ ಚರ್ಚು, ಬೆಸ್ ಎಂಬ ಕಪ್ಪು ಕಲ್ಲಿನ ಊರು, ಅದರ ಮೇಲಿರುವ ಪಾವಾಂ ಕೆರೆ. ಕೆರೆ ಹೆಚ್ಚೂಕಡಿಮೆ ತಟ್ಟೆಯಷ್ಟು ದುಂಡು, ಆಳ 92 ಮೀಟರ್. ಸುಮಾರು ಏಳು ಸಾವಿರ ವರ್ಷದ ಹಿಂದೆ ಸಿಡಿದ ಬಾಯಿಯಲ್ಲಿ ನೀರು ನಿಂತದ್ದು. ಕಲ್ಲೆಸೆದರೆ ಬಿರುಗಾಳಿ ಏಳುತ್ತದೆ, ತಳದಲ್ಲಿ ಮುಳುಗಿದ ಊರಿದೆ ಎಂದು ಹಳಬರು ಹೇಳುತ್ತಿದ್ದರು. ನಿಮ್ಮ ಪ್ರವಾಸ ಸೆಪ್ಟೆಂಬರ್ ಕೊನೆಯ ವಾರಕ್ಕೆ ಬಿದ್ದರೆ ಬೆಸ್‌ನಲ್ಲಿ ಒಮ್ಮೆ ವಿಚಾರಿಸಿ. ಬೇಸಿಗೆಯ ಆರಂಭದಲ್ಲಿ ದನಗಳೊಡನೆ ಮೇಲಿನ ವಾಸಿವಿಯೇರ್ ಗುಡಿಗೆ ಹೋದ ಕಪ್ಪು ಮೇರಿಮಾತೆಯ ವಿಗ್ರಹವನ್ನು, ಆ ಹೊತ್ತಿನ ಒಂದು ಭಾನುವಾರ ಮೆರವಣಿಗೆಯಲ್ಲಿ ಊರಿಗೆ ಇಳಿಸುತ್ತಾರೆ. ದೇವಿ ಬೇಸಿಗೆಗೊಂದು ಮನೆ, ಚಳಿಗೊಂದು ಮನೆ ಇಟ್ಟುಕೊಂಡಿದ್ದಾಳೆಂದರೆ ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯ ದಿನ ಲ ಪ್ಯುಯಿ ಆಂ ವೆಲೇ, ಕಾರಿನಲ್ಲಿ 130 ಕಿಲೋಮೀಟರ್. ಊರಿನ ನಡುವೆ ಜ್ವಾಲಾಮುಖಿಯ ಗಂಟಲಲ್ಲಿ ಹೆಪ್ಪುಗಟ್ಟಿದ ಲಾವಾ ಕಂಬದ ಹಾಗೆ ಎದ್ದು ನಿಂತಿದೆ, ಸುತ್ತಲಿನ ಮೆತ್ತನೆಯ ಮಣ್ಣು ಕೊಚ್ಚಿಹೋಗಿದೆ. ಅದರ ತುದಿಯಲ್ಲಿ 10ನೆಯ ಶತಮಾನದ ಪುಟ್ಟ ಚರ್ಚು. ಮೆಟ್ಟಿಲು 268. ಯಜಮಾನರನ್ನು ಕೆಳಗಿನ ಕಾಫಿ ಅಂಗಡಿಯಲ್ಲಿ ಕೂರಿಸಿ ನೀವು ಹತ್ತಿ ಬನ್ನಿ. ಪಕ್ಕದ ಇನ್ನೊಂದು ಬಂಡೆಯ ಮೇಲೆ 1860ರಲ್ಲಿ ನಿಲ್ಲಿಸಿದ 16 ಮೀಟರಿನ ಮೇರಿ ಪ್ರತಿಮೆ, ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲ್‌ನಲ್ಲಿ ವಶವಾದ 213 ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದು. ಅದರ ಬಣ್ಣ ನನಗಂತೂ ಇಷ್ಟವಿಲ್ಲ, ಊರಿನವರ ಮುಂದೆ ಇದನ್ನು ಹೇಳುವುದೂ ಇಲ್ಲ. ಕೆಳಗಿನ ಗಲ್ಲಿಗಳಲ್ಲಿ ಮರದ ಕಡ್ಡಿಗಳಿಗೆ ದಾರ ಸುತ್ತಿ ಲೇಸು ಹೆಣೆಯುವ ಹೆಂಗಸರು ಇಂದಿಗೂ ಸಿಗುತ್ತಾರೆ.

ನಾಲ್ಕನೆಯ ದಿನ ಚಾಕುಗಳ ಊರು ತ್ಯೇರ್. ಅದರ ವಿಷಯ ಕೆಳಗೆ ಹುಬ್ಬಳ್ಳಿಯವರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ (ಲಿಯೋಂನಲ್ಲಿ ಓದುತ್ತಿರುವ ವಿದ್ಯಾರ್ಥಿ): ಕಾರಿಲ್ಲದೆ ಸಾಧ್ಯವೇ? ಊರಿನ ಚಾಲನಾ ಪರವಾನಗಿ ನಡೆಯುತ್ತದೆಯೇ?

ಉತ್ತರ: ಕ್ಲೆರ್ಮೊಂ, ಲ ಪ್ಯುಯಿ, ತ್ಯೇರ್ ಮೂರಕ್ಕೂ ರೈಲಿದೆ. ಹಳ್ಳಿಗಳಿಗೆ ಬಸ್ಸನ್ನು ನಂಬಿದರೆ ದಿನಕ್ಕೆ ಒಂದು ಊರು ನೋಡಿದರೆ ಹೆಚ್ಚು. ಪ್ಯಾರಿಸಿನಿಂದ ಬರುವವರಿಗೂ ಒಂದು ಮಾತು: ಇಲ್ಲಿಗೆ ಅತಿವೇಗದ ರೈಲಿನ ಹಳಿ ಇಲ್ಲ, ಬೆರ್ಸಿ ನಿಲ್ದಾಣದಿಂದ ಮೂರೂವರೆ ಗಂಟೆ ಬೇಕು. ಪರವಾನಗಿಯ ವಿಷಯದಲ್ಲಿ, ಅಲ್ಪಾವಧಿಗೆ ಬಂದ ಪ್ರವಾಸಿ ಭಾರತದ ಪರವಾನಗಿಯ ಜೊತೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಇಟ್ಟುಕೊಂಡು ಓಡಿಸಬಹುದು. ನೀವು ಇಲ್ಲೇ ವಾಸವಿರುವ ವಿದ್ಯಾರ್ಥಿ, ನಿಮಗೆ ನಿಯಮ ಬೇರೆ, ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿಯೇ ಗಾಡಿ ಮುಟ್ಟಿ. ಇಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಜೊತೆಗೆ ಹಳ್ಳಿಗಳ ಒಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ದಾರಿ. ಅವನು ಸಂದಿಯಿಂದ ನುಗ್ಗಿದರೂ ಅವನದೇ ಸರಿ.

ಗಾಡಿ ಸಿಕ್ಕರೆ ಸಲೇರ್‌ಗೆ ಹೋಗಿ. ವಿಜಯಪುರದ ಮೇಡಂ ಅವರ ನಾಲ್ಕು ದಿನದಲ್ಲಿ ಅದನ್ನು ಸೇರಿಸಲಾಗದೆ ಹೋದದ್ದು ನನಗೇ ಸಂಕಟ. ಬೆಟ್ಟದ ಅಂಚಿನಲ್ಲಿ ಗೋಪುರಗಳ ಕಪ್ಪು ಮನೆಗಳು, ಅದರಾಚೆ 1783 ಮೀಟರಿನ ಪ್ಯುಯಿ ಮಾರಿ. ಆದರೆ ಚಳಿಗಾಲದಲ್ಲಿ ಹಿಮ ಬಿದ್ದು ಆ ಬೆಟ್ಟದ ಘಾಟಿ ರಸ್ತೆ ಮುಚ್ಚಿರುತ್ತದೆ. ಊರಿಗಿಂತ ಹೆಸರಾದದ್ದು ಅದರ ಹಸು: ಮೈಯೆಲ್ಲ ಗಾಢ ಕೆಂಪು, ಲೈರ್ ಎಂಬ ಹಳೆಯ ಗ್ರೀಕ್ ತಂತಿವಾದ್ಯದ ತೋಳುಗಳಂತೆ ಬಾಗಿದ ಕೊಂಬು. ಈ ಹಸು ಕರು ಬಿಡದೆ ಹಾಲು ಇಳಿಸುವುದಿಲ್ಲ. ಮೊದಲು ಕರು ಕುಡಿಯಬೇಕು, ಆಮೇಲೆ ಅದನ್ನು ತಾಯಿಯ ಪಕ್ಕದಲ್ಲೇ ಕಟ್ಟಿ ಕರೆಯಬೇಕು. ಯಂತ್ರದ ಕಾಲದಲ್ಲಿ ಇದು ಯಾರಿಗೆ ಬೇಕೆಂದು ಎಷ್ಟೋ ರೈತರು ಈ ತಳಿಯ ಹಾಲು ಕರೆಯುವುದನ್ನೇ ಬಿಟ್ಟರು. ಹಿಂದೊಮ್ಮೆ ಹಾಸನ ಕಡೆಯ ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ನಾನು ಫ್ರೆಂಚ್ ರೈತನ ಮಾತನ್ನು ಅನುವಾದಿಸುವ ಮೊದಲೇ ಅವರು ಏನು ನಡೆಯುತ್ತಿದೆ ಎಂದು ನನಗೆ ಹೇಳಿಕೊಟ್ಟರು. ಈ ಸೀಮೆಯಲ್ಲಿ ನಾನು ಕಂಡ ಅತಿ ಚೆನ್ನಾದ ಅರ್ಧ ಗಂಟೆ ಅದು.

ಪ್ರಶ್ನೆ (ಗೃಹಿಣಿ, ಮೈಸೂರು): ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಉತ್ತರ: ಅಮ್ಮ, ಸುಳ್ಳು ಹೇಳುವುದಿಲ್ಲ, ಇದು ಹಂದಿಮಾಂಸದ ಸೀಮೆ. ಆದರೂ ದಾರಿಯಿದೆ. ಲ ಪ್ಯುಯಿಯ ಹಸಿರು ಬೇಳೆ ಫ್ರಾನ್ಸಿನಲ್ಲೆಲ್ಲ ಹೆಸರುವಾಸಿ. 1996ರಲ್ಲಿ ಅದಕ್ಕೆ ಮೂಲಸ್ಥಾನದ ಮಾನ್ಯತೆಯೂ ಸಿಕ್ಕಿತು. ನಮ್ಮ ಇಡೀ ಚನ್ನಂಗಿಯ ಹತ್ತಿರದ ನೆಂಟ, ಆದರೆ ಬೆಂದರೂ ಕರಗುವುದಿಲ್ಲ, ಸಾರಿಗಿಂತ ಉಸಲಿಗೆ ಚೆನ್ನ. ಹೋಟೆಲಿನಲ್ಲಿ ಅದನ್ನು ಹಂದಿಮಾಂಸದ ಜೊತೆ ಬಡಿಸುವುದೇ ವಾಡಿಕೆ. ಹಾಗಾಗಿ 'ಸಾಂ ವ್ಯಾಂದ್' ಎಂದರೆ ಸಾಲದು. ಮಾಂಸ ಬೇಡ ಎಂದರೆ ತುಂಡು ಮಾತ್ರ ತೆಗೆದು, ಸಣ್ಣಗೆ ಹೆಚ್ಚಿದ ಹಂದಿಯ ಚೂರುಗಳನ್ನು ಹಾಗೇ ಬಿಡುತ್ತಾರೆ. 'ಸಾಂ ಲಾರ್ದೋಂ' ಎಂಬುದನ್ನೂ ಸೇರಿಸಿ ಹೇಳಿ.

'ಆಲಿಗೋ' ತಿನ್ನಬಹುದು. ಆಲೂಗಡ್ಡೆ, ಬೆಳ್ಳುಳ್ಳಿ, ಕೆನೆ, ಎಳೆಯ ಚೀಸು ಸೇರಿಸಿ ತಿರುವುತ್ತಾರೆ, ಚಮಚ ಎತ್ತಿದರೆ ಮೊಳದುದ್ದ ಎಳೆ ಬರುತ್ತದೆ. ಅದರ ತಮ್ಮನಂತಿರುವ 'ತ್ರುಫಾದ್' ನಂಬಬೇಡಿ, ಹಂದಿಕೊಬ್ಬಿನಲ್ಲಿ ಹುರಿಯುವುದೇ ಹೆಚ್ಚು. ಕೇಕಿನಂತೆ ಕಾಣುವ 'ಪೂಂತಿ'ಯಲ್ಲಿ ಒಣ ಹಣ್ಣಿನ ಜೊತೆಗೇ ಹಂದಿಮಾಂಸ ಇರುತ್ತದೆ, ದೂರವಿರಿ. ಇನ್ನು ಶುದ್ಧ ಎಂಬ ಮಾತು ಬಳಸಿದಿರಲ್ಲ, ಆದ್ದರಿಂದ ಹೇಳಲೇಬೇಕು: ಸಾಂ-ನೆಕ್ತೇರ್, ಕಾಂತಾಲ್, ಸಲೇರ್‌ನಂಥ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಯಿಸಲು ಬಳಸುವ ಹೆಪ್ಪು ಕರುವಿನ ಹೊಟ್ಟೆಯಿಂದ ಬಂದದ್ದು. ಆಲಿಗೋವಿನ ಚೀಸಿಗೂ ಇದೇ ಮಾತು. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು, ತಿಂದ ಮೇಲೆ ತಿಳಿಯುವುದು ಬೇಡವೆಂದು ಹೇಳಿದೆ.

ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರೊಳಗೆ. ಎರಡೂಕಾಲಿಗೆ ಹೋದರೆ ಹಳ್ಳಿಯ ಹೋಟೆಲಿನಲ್ಲಿ ಕುರ್ಚಿ ಮೇಜಿನ ಮೇಲೇರಿರುತ್ತದೆ. ಕಾರಿನಲ್ಲಿ ಅವಲಕ್ಕಿ ಇರಲಿ.

ಪ್ರಶ್ನೆ (ಬೆಂಗಳೂರು): ಜ್ವಾಲಾಮುಖಿ ಮತ್ತೆ ಸಿಡಿದರೆ?

ಉತ್ತರ: ಭೂವಿಜ್ಞಾನಿಗಳು ಅವು ಸತ್ತಿವೆ ಎನ್ನುವುದಿಲ್ಲ, ಮಲಗಿವೆ ಎನ್ನುತ್ತಾರೆ. ನಾಲ್ಕು ದಿನಕ್ಕೆ ಬಂದವರು ಅದಕ್ಕಿಂತ ಬಿಸಿಲಿನ ಟೋಪಿ, ಮಳೆಯಂಗಿ ಎರಡರ ಬಗ್ಗೆ ಯೋಚಿಸಿದರೆ ಸಾಕು.

ಪ್ರಶ್ನೆ (ಹುಬ್ಬಳ್ಳಿ): ಮ್ಯೂಸಿಯಂ ಒಂದೇ ಒಂದು ನೋಡುವುದಾದರೆ ಯಾವುದು? ಟೈರಿನ ಕಂಪನಿಯದೋ?

ಉತ್ತರ: ಮಿಷೆಲಿನ್ ಕಂಪನಿಯ ತವರು ಕ್ಲೆರ್ಮೊಂ. 2009ರಲ್ಲಿ ತೆರೆದ ಅವರ ಮ್ಯೂಸಿಯಂ ಅಚ್ಚುಕಟ್ಟಾಗಿದೆ, ವಾಹನದ ಹುಚ್ಚಿರುವವರಿಗೆ ಹಬ್ಬ. ನನ್ನ ಮತ ಮಾತ್ರ ತ್ಯೇರ್‌ನ ಚಾಕು ಮ್ಯೂಸಿಯಂಗೆ. ಕಡಿದಾದ ಕಣಿವೆಯಲ್ಲಿ ದ್ಯೂರೋಲ್ ನದಿ ಧುಮುಕುತ್ತದೆ. ಅದರ ಬಲದಿಂದ ಸಾಣೆಕಲ್ಲು ತಿರುಗಿಸಿ ಶತಮಾನಗಳಿಂದ ಇಲ್ಲಿ ಚಾಕು ಮಾಡುತ್ತಿದ್ದಾರೆ, ಫ್ರಾನ್ಸಿನಲ್ಲಿ ತಯಾರಾಗುವ ಚಾಕುಗಳಲ್ಲಿ ಬಹುಪಾಲು ಇಂದಿಗೂ ಇದೇ ಊರಿನದು. ಸಾಣೆ ಹಿಡಿಯುವವರು ಹಲಗೆಯ ಮೇಲೆ ಬೋರಲಾಗಿ ಮಲಗಿ, ತಿರುಗುವ ಕಲ್ಲಿನ ಮೇಲೆ ಬಾಗಿ ದಿನವಿಡೀ ಅಲಗು ಒತ್ತುತ್ತಿದ್ದರು. ಕೆಳಗೆ ನದಿಯ ಥಂಡಿ. ಚಳಿ ತಡೆಯಲು ನಾಯಿಯನ್ನು ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಹಳೆಯ ಛಾಯಾಚಿತ್ರದಲ್ಲಿ ಸಾಲಾಗಿ ಮಲಗಿದ ಗಂಡಸರು, ಅವರ ಕಾಲ ಮೇಲೆ ಕಣ್ಣುಮುಚ್ಚಿದ ನಾಯಿಗಳನ್ನು ನೋಡಿದ ಮೇಲೆ ತರಕಾರಿ ಹೆಚ್ಚುವ ಚಾಕುವನ್ನು ಮೊದಲಿನಂತೆ ಹಿಡಿಯಲು ನನಗಾಗಲಿಲ್ಲ. ಇನ್ನೂ ಸಮಯವಿದ್ದರೆ ಆಂಬೇರ್ ಬಳಿಯ ರಿಶಾರ್ ದ ಬಾ ಗಿರಣಿಯಲ್ಲಿ ಚಿಂದಿಬಟ್ಟೆ ಅರೆದು, ಹೂವಿನ ಎಸಳು ಸೇರಿಸಿ ಕೈಯಲ್ಲಿ ಕಾಗದ ಎತ್ತುವುದನ್ನು ನೋಡಿ.

ಮರುಪ್ರಶ್ನೆ (ವಿಜಯಪುರದ ಶಿಕ್ಷಕಿ): ತುಂಬಾ ಉಪಕಾರವಾಯಿತು. ತ್ಯೇರ್‌ನಿಂದ ಮಗನಿಗೊಂದು ಒಳ್ಳೆಯ ಚಾಕು ಕೊಡಿಸೋಣ ಎನ್ನುತ್ತಾರೆ ಯಜಮಾನರು. ಚಾಕುವನ್ನು ಉಡುಗೊರೆ ಕೊಡಬಾರದು ಎಂದು ನನಗೆ ಅನುಮಾನ.

ಉತ್ತರ: ಆ ಅನುಮಾನ ಇಲ್ಲಿನವರಿಗೂ ಇದೆ ಮೇಡಂ, ಚಾಕು ಕೊಟ್ಟರೆ ಸ್ನೇಹ ಕತ್ತರಿಸುತ್ತದೆ ಎನ್ನುತ್ತಾರೆ. ಪರಿಹಾರವನ್ನೂ ಅವರೇ ಇಟ್ಟುಕೊಂಡಿದ್ದಾರೆ: ಪಡೆದವನು ಒಂದು ಚಿಲ್ಲರೆ ನಾಣ್ಯ ಕೊಟ್ಟುಬಿಡಬೇಕು, ಆಗ ಅದು ಕೊಂಡದ್ದೆಂದು ಲೆಕ್ಕ. ಮಗನ ಕೈಯಿಂದ ಒಂದು ಸೆಂಟು ಇಸಿದುಕೊಳ್ಳಿ. ನಿಮಗೂ ಒಂದು ಕೊಂಡರೆ, ವಿಮಾನಕ್ಕೆ ಒಳಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲೇ ಉಳಿದುಬಿಡುತ್ತದೆ.